ಕೊಟೇಶನ್ ಚೀಟಿಯನ್ನು ಕೆಳಗಿನಿಂದ ಓದಿ

ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಕಾಲೇಜು ಹುಡುಗ ಹುಡುಗಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳು. ಧ್ವನಿಮುದ್ರಣ ಕೇಳಿಕೊಂಡು ಬರೆದದ್ದು.

ನನ್ನ ಕೈಯಲ್ಲಿರುವುದು ಒಂದು ಚೀಟಿ. ಹಿಂದೆ ಕೂತವರಿಗೆ ಕಾಣಿಸುವುದಿಲ್ಲ, ಓದಿಯೇ ಹೇಳುತ್ತೇನೆ. ಇಂಜಿನಿಯರಿಂಗ್ ಮೊದಲ ವರ್ಷದ ಹುಡುಗನೊಬ್ಬ ತಂದುಕೊಟ್ಟದ್ದು. ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಅಂಗಡಿಯೊಂದರಲ್ಲಿ ಬರೆಸಿಕೊಂಡ ಕೊಟೇಶನ್. ಮೇಲಿನ ಸಾಲಿನಲ್ಲಿ ದಪ್ಪಗೆ 'ಐ7 ಪ್ರೊಸೆಸರ್' ಅಂತಿದೆ. ಅದರ ಕೆಳಗೆ 'ಮದರ್‌ಬೋರ್ಡ್'. ಕಂಪನಿ ಇಲ್ಲ, ನಂಬರ್ ಇಲ್ಲ, ಸುಮ್ನೆ ಮದರ್‌ಬೋರ್ಡ್. ಆಮೇಲೆ '16 ಜಿಬಿ ರ‍್ಯಾಮ್', '4 ಜಿಬಿ ಗ್ರಾಫಿಕ್ಸ್', '512 ಎಸ್‌ಎಸ್‌ಡಿ'. ಕೊನೆಯಲ್ಲಿ, ಜಾಗ ಸಾಲದೆ ಸಣ್ಣಗೆ ಬರೆದದ್ದು, 'ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್'. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿಕೊಡುವ ಡಬ್ಬ.

"ಅಣ್ಣಾ, ಐ7 ಇಷ್ಟು ಕಮ್ಮಿಗೆ ಕೊಡ್ತಾವ್ರೆ, ತಗೊಬಿಡ್ಲಾ?" ಅಂತ ಕೇಳಿದ.

ನಾನು ಮೇಲಿನ ಸಾಲು ನೋಡಲೇ ಇಲ್ಲ. ಬೆರಳಿಟ್ಟದ್ದು ಕೊನೆಯ ಸಾಲಿನ ಮೇಲೆ. "ಈ ಎಸ್‌ಎಂಪಿಎಸ್ ಯಾವುದಪ್ಪ?" ಅಂದೆ. ಅವನಿಗೆ ಗೊತ್ತಿರಲಿಲ್ಲ. "ಫೋನ್ ಮಾಡಿ ಕೇಳು. ಕೆಳಗಿನಿಂದ ಶುರು ಮಾಡಿ ಒಂದೊಂದು ಸಾಲಿಗೂ ನಂಬರ್ ಕೇಳು" ಅಂತ ಹೇಳಿದೆ. ಅವನು ನನ್ನ ಮುಂದೆಯೇ ಕೂತು ಫೋನ್ ಮಾಡಿದ. ಅವತ್ತು ನಾವಿಬ್ಬರೂ ಈ ಚೀಟಿಯನ್ನು ಹೇಗೆ ಓದಿದೆವೋ ಇವತ್ತು ನಿಮ್ಮ ಜೊತೆಯೂ ಹಾಗೇ ಓದುತ್ತೇನೆ. ಬೆಲೆ ಮಾತ್ರ ಕೇಳಬೇಡಿ. ಇವತ್ತು ಹೇಳಿದ ಬೆಲೆ ಬರುವ ವಾರಕ್ಕೆ ಸುಳ್ಳಾಗಿರುತ್ತದೆ.

ಚೀಟಿಗೆ ಮೊದಲು ಒಂದು ಪ್ರಶ್ನೆ ಇದೆ. ಯಾವ ಕೆಲಸಕ್ಕೆ? ಆ ಹುಡುಗ "ಎಲ್ಲಾದಕ್ಕೂ" ಅಂದ. ಎಲ್ಲರೂ ಹಾಗೇ ಹೇಳುವುದು. ನಮ್ಮ ಕಡೆ ಮೇವು ಹೊರಲು ಟಿವಿಎಸ್ ಎಕ್ಸ್‌ಎಲ್ ತೆಗೆದುಕೊಂಡವನನ್ನು ನೋಡಿ ಯಾರೂ ನಗುವುದಿಲ್ಲ. ಬುಲೆಟ್ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು ಬಂದರೆ ಊರೇ ನಗುತ್ತದೆ. ಕಂಪ್ಯೂಟರ್ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಬುಲೆಟ್ಟೇ ಬೇಕು.

ನನಗೆ ಗೊತ್ತಿರುವ ಇಬ್ಬರ ಕಥೆ ಹೇಳುತ್ತೇನೆ, ಮಾತಿನ ನಡುವೆ ಅವರು ಬಂದು ಹೋಗುತ್ತಿರುತ್ತಾರೆ. ಒಬ್ಬರು ಡಿಟಿಪಿ ಮಾಡುವ ಅಕ್ಕ. ಲಗ್ನಪತ್ರಿಕೆ, ಕರಪತ್ರ, ಅರ್ಜಿ ಟೈಪಿಂಗ್. ದಿನವಿಡೀ 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತಾರೆ. ಇನ್ನೊಬ್ಬ ಮದುವೆ ವಿಡಿಯೋ ಎಡಿಟ್ ಮಾಡುವವನು. ಅವನ ಕೆಲಸ ಭಾರದ್ದು. ಇಬ್ಬರಿಗೂ ಒಂದೇ ಕಂಪ್ಯೂಟರ್ ಕೊಟ್ಟರೆ ಒಬ್ಬರ ದುಡ್ಡು ದಂಡ, ಇನ್ನೊಬ್ಬನ ಕೆಲಸ ದಂಡ.

ಈಗ ಚೀಟಿಗೆ ಬನ್ನಿ. ಕೊನೆಯ ಸಾಲಿಗೂ ಕೆಳಗೆ ಇನ್ನೊಂದು ಸಾಲಿರಬೇಕಿತ್ತು. ಅದನ್ನು ಯಾವ ಅಂಗಡಿಯವರೂ ಬರೆಯುವುದಿಲ್ಲ, ಏಕೆಂದರೆ ಅದು ಅವರ ಬಳಿ ಇಲ್ಲ. ಅದು ನಿಮ್ಮ ಮನೆಯ ಗೋಡೆಯಲ್ಲಿರುವ ಪ್ಲಗ್ಗು.

ಒಂದು ಮಾತು ನೆನಪಾಯಿತು. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತಯಾರಾಯಿತು. ಅಲ್ಲಿಂದ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ನೂರಿಪ್ಪತ್ತು ವರ್ಷ ದಾಟಿತು. ಇವತ್ತಿಗೂ ನಮ್ಮ ಎಷ್ಟೋ ಮನೆಗಳ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿಗೆಂದು ಇರುವ ಮೇಲಿನ ದೊಡ್ಡ ತೂತಿಗೆ ಹಿಂದೆ ವೈರೇ ಇಲ್ಲ. ನೋಡುವುದಕ್ಕೆ ಮೂರು ತೂತು, ಕೆಲಸಕ್ಕೆ ಎರಡೇ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅನ್ನುವವರು ಎಷ್ಟು ಜನ ಇದ್ದೀರಿ? ನೋಡಿ, ಕೈ ಎತ್ತಿದವರು ಕಮ್ಮಿ ಇಲ್ಲ. ಏನು ಮಾಡುತ್ತೀರಿ? ಚಪ್ಪಲಿ ಹಾಕಿಕೊಂಡು ಕೂರುತ್ತೀರಿ, ಅಲ್ವಾ? ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಅದು ಕಂಪ್ಯೂಟರ್ ಕೆಟ್ಟಿದೆ ಅಂತಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು, ಎರಡು ಪುಟ್ಟ ಕೆಪಾಸಿಟರ್‌ಗಳು ಕ್ಯಾಬಿನೆಟ್ಟಿನ ತಗಡಿಗೆ ಸೇರಿರುತ್ತವೆ. ಕರೆಂಟಿನಲ್ಲಿರುವ ಗಲೀಜನ್ನು ಭೂಮಿಗೆ ಬಿಡುವುದು ಅವುಗಳ ಕೆಲಸ. ಅರ್ಥಿಂಗ್ ಇಲ್ಲದಿದ್ದರೆ ಅದಕ್ಕೆ ಹೋಗಲು ದಾರಿ ಇಲ್ಲ. ತಗಡು ನಡುವಲ್ಲಿ ತೇಲುತ್ತದೆ. 230 ವೋಲ್ಟ್‌ನ ಅರ್ಧ, ಸುಮಾರು 115 ವೋಲ್ಟ್ ಅದರ ಮೇಲೆ ನಿಂತಿರುತ್ತದೆ. ಟೆಸ್ಟರ್ ಇಟ್ಟರೆ ಮಿಣಕ್ ಅನ್ನುತ್ತದೆ. ಹರಿಯುವ ಕರೆಂಟು ತೀರಾ ಕಮ್ಮಿ, ಆದ್ದರಿಂದ ಜುಮ್ ಅಂದು ಬಿಡುತ್ತದೆ. ಆದರೆ ನಾಳೆ ಒಳಗೆ ನಿಜವಾಗಿಯೂ ಫೇಸ್ ವೈರ್ ತಗಡಿಗೆ ತಾಗಿದರೆ, ಆಗಲೂ ಅದಕ್ಕೆ ದಾರಿ ಇರುವುದಿಲ್ಲ. ಮುಟ್ಟಿದವರೇ ದಾರಿ.

ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಟ್ಟು ನೋಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ಇದೆಯೋ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ತೊಂದರೆ ಇಲ್ಲ. ಉಪ್ಪು, ಇದ್ದಿಲು ಹಾಕಿದ ಹಳೆ ಕಾಲದ ಅರ್ಥಿಂಗ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ನೀರು ಹಾಕಿ. ಮಣ್ಣು ಒಣಗಿದರೆ ಅರ್ಥಿಂಗ್ ಸತ್ತ ಹಾಗೆಯೇ. ಇದಿಷ್ಟಕ್ಕೆ ತಗಲುವ ಖರ್ಚು ಕ್ಯಾಬಿನೆಟ್ಟಿಗೆ ಹಾಕುವ ಬಣ್ಣದ ಲೈಟಿನ ಫ್ಯಾನ್‌ಗಿಂತ ಜಾಸ್ತಿ ಏನಲ್ಲ.

ಯುಪಿಎಸ್ ಬಗ್ಗೆ ಒಂದೆರಡು ಮಾತು. ಅದರ ಮೇಲೆ 600 ವಿಎ ಅಂತ ಬರೆದಿದ್ದರೆ ಅದು 600 ವ್ಯಾಟ್ ಅಲ್ಲ. ಮಾಮೂಲಿ ಮನೆ ಯುಪಿಎಸ್‌ಗಳಲ್ಲಿ 600 ವಿಎ ಅಂದರೆ ಸುಮಾರು 360 ವ್ಯಾಟ್. ಡಿಟಿಪಿ ಅಕ್ಕನಿಗೆ ಅದು ಧಾರಾಳ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಸಾಲದು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಬಿಸಿಯಾಗುವಾಗ ಅದು ಕರೆಂಟನ್ನು ಒಂದೇ ಗುಟುಕಿಗೆ ಎಳೆಯುತ್ತದೆ. ಮನೆಗೆಲ್ಲ ಇನ್ವರ್ಟರ್ ಇದ್ದರೆ ಅದರ ಬೆನ್ನಿನಲ್ಲೋ ಮುಂದೆಯೋ ಒಂದು ಪುಟ್ಟ ಸ್ವಿಚ್ ಇರುತ್ತದೆ, 'ಯುಪಿಎಸ್' ಅಂತ ಒಂದು ಕಡೆ ಬರೆದಿರುತ್ತದೆ. ಅದನ್ನು ಆ ಕಡೆ ಹಾಕಿ. ಕರೆಂಟ್ ಹೋದಾಗ ಬೇಗ ಬದಲಾಯಿಸಿಕೊಳ್ಳುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು ತಪ್ಪುತ್ತದೆ.

ಇನ್ನು ಎಸ್‌ಎಂಪಿಎಸ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾನು ಮೊದಲು ಮಾಡಿಸಿದ ಕಂಪ್ಯೂಟರ್‌ನಲ್ಲೂ ಇದೇ 'ವಿತ್ ಎಸ್‌ಎಂಪಿಎಸ್' ಇತ್ತು. ಒಂದು ಸಂಜೆ ಮಳೆ, ಕರೆಂಟ್ ಹೋಗಿ ಬಂತು. ಪಟಾಕಿ ಹೊಡೆದ ಹಾಗೆ ಸದ್ದಾಯಿತು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಯಿತಲ್ಲ, ಬೇರೆ ಹಾಕಿದರಾಯಿತು ಅಂದುಕೊಂಡೆ. ಬೇರೆ ಹಾಕಿ ನೋಡಿದರೆ ಮದರ್‌ಬೋರ್ಡ್ ಇಲ್ಲ, ಹಾರ್ಡ್‌ಡಿಸ್ಕ್ ಇಲ್ಲ. ಹಾರ್ಡ್‌ಡಿಸ್ಕಿನ ಜೊತೆ ಮಗಳ ಮೊದಲ ವರ್ಷದ ಫೋಟೋಗಳೂ ಹೋದವು. ಮನೆಯಲ್ಲಿ ಇವತ್ತಿಗೂ ಅದನ್ನು ಆಡಿ ತೋರಿಸುತ್ತಾರೆ. ಪ್ರೊಸೆಸರ್ ಕೆಟ್ಟರೆ ಪ್ರೊಸೆಸರ್ ಒಂದೇ ಕೆಡುತ್ತದೆ. ಕಳಪೆ ಎಸ್‌ಎಂಪಿಎಸ್ ಹೋಗುವಾಗ ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ.

ಹುಡುಗನ ಚೀಟಿಯ ಎಸ್‌ಎಂಪಿಎಸ್ 450 ವ್ಯಾಟ್ ಅಂತ ಅಂಗಡಿಯವರು ಫೋನಿನಲ್ಲಿ ಹೇಳಿದರು. "ಅದರ ಪಕ್ಕದಲ್ಲಿ ಅಂಟಿಸಿರುವ ಲೇಬಲ್ ಫೋಟೋ ಕಳಿಸಿ ಅನ್ನು" ಅಂದೆ. ಪಾಪ, ಕಳಿಸಿದರು. ಲೇಬಲ್‌ನಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಅವುಗಳ ಕೆಳಗೆ ಎಷ್ಟು ಆಂಪ್ಸ್ ಅಂತ. ಇವತ್ತಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ಹೋಗುವುದು ಬಹುಪಾಲು 12 ವೋಲ್ಟ್‌ನ ಸಾಲಿನಿಂದಲೇ. ಆದ್ದರಿಂದ ಆ ಒಂದು ಸಂಖ್ಯೆ ಮಾತ್ರ ನೋಡಿ, 12ರಿಂದ ಗುಣಿಸಿ. ಅವನ ಲೇಬಲ್‌ನಲ್ಲಿ 16 ಆಂಪ್ಸ್ ಇತ್ತು. ಹನ್ನೆರಡು ಹದಿನಾರಲಿ? ಮಗ್ಗಿ ಬರುವವರು ಹೇಳಿ. 192. ಡಬ್ಬದ ಮೇಲೆ 450, ಬೇಕಾದ ಕಡೆ 192. ಒಳ್ಳೆಯ ಕಂಪನಿಯ 450 ವ್ಯಾಟ್‌ನಲ್ಲಿ ಈ ಗುಣಾಕಾರ 400ರ ಮೇಲೆ ಬರುತ್ತದೆ. ಇಷ್ಟು ಗೊತ್ತಿದ್ದರೆ ನಿಮಗೆ ಯಾರೂ ಎಸ್‌ಎಂಪಿಎಸ್‌ನಲ್ಲಿ ಟೋಪಿ ಹಾಕಲಾರರು. ಕೈಯಲ್ಲಿ ಎತ್ತಿಯೂ ನೋಡಿ. ಒಳಗೆ ಸರಿಯಾದ ಟ್ರಾನ್ಸ್‌ಫಾರ್ಮರ್, ಕಾಯಿಲ್, ಹೀಟ್‌ಸಿಂಕ್ ಇದ್ದರೆ ತೂಕ ಇದ್ದೇ ಇರುತ್ತದೆ. ಹಗುರಾಗಿದ್ದರೆ ಒಳಗೆ ಗಾಳಿ ಇದೆ ಅಂತ ತಿಳಿಯಿರಿ.

ಇಲ್ಲೊಬ್ಬರು ಕೇಳುತ್ತಿದ್ದಾರೆ, 650 ವ್ಯಾಟ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರುತ್ತದಾ ಅಂತ. ಇಲ್ಲ ಸಾರ್. ಅದು ಕೊಡಬಲ್ಲ ಶಕ್ತಿಯ ಲೆಕ್ಕ, ಎಳೆಯುವ ಲೆಕ್ಕವಲ್ಲ. ನಿಮ್ಮ ಬಾವಿಯಲ್ಲಿ ಎಷ್ಟು ನೀರಿದ್ದರೂ ನೀವು ಸೇದುವುದು ಬೇಕಾದಷ್ಟೇ ಅಲ್ವಾ? ಬಿಲ್ಲಿಗೆ ಸಂಬಂಧಪಟ್ಟದ್ದು ಇನ್ನೊಂದು, ಅದು 80 ಪ್ಲಸ್ ಅನ್ನುವ ಸ್ಟಿಕ್ಕರ್. 80 ಪ್ಲಸ್ ಬ್ರಾಂಜ್ ಅಂತಿದ್ದರೆ ಅರ್ಧ ಹೊರೆಯಲ್ಲಿ ಶೇಕಡ 85ರಷ್ಟು ಕರೆಂಟು ಒಳಕ್ಕೆ ತಲುಪುತ್ತದೆ. ಒಳಗೆ 200 ವ್ಯಾಟ್ ಬೇಕಾದಾಗ ಗೋಡೆಯಿಂದ 235 ಎಳೆಯುತ್ತದೆ, ಮಿಕ್ಕ 35 ಬಿಸಿಗಾಳಿ. ಮನೆಗೆ ಬ್ರಾಂಜ್ ಸಾಕು. ಗೋಲ್ಡ್ ಬೇಕು ಅನ್ನುವುದು ಹೆಚ್ಚಿನ ಮನೆಗಳಲ್ಲಿ ಬರೀ ಶೋಕಿ.

ಕ್ಯಾಬಿನೆಟ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಮುಂಭಾಗ ಜಾಲರಿ ಇರಲಿ, ಗಾಜು ಬೇಡ. ಮುಂದಿನ ಫ್ಯಾನ್ ಗಾಳಿ ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ದೂಡಬೇಕು. ಮುಂದೆ ಗಾಜು ಮುಚ್ಚಿ ಅದರ ಹಿಂದೆ ಮೂರು ಫ್ಯಾನ್ ಇಟ್ಟರೆ ಅವು ಗಾಜನ್ನೇ ಬೀಸುತ್ತಾ ಕೂರುತ್ತವೆ. ಜಾಲರಿಯ ಹಿಂದೆ ತೆಗೆದು ತೊಳೆಯುವಂಥ ಫಿಲ್ಟರ್ ಇರಬೇಕು. ಆಲೆಮನೆ ಪಕ್ಕದ ಮನೆಯೊಂದರ ಕಂಪ್ಯೂಟರ್ ಒಮ್ಮೆ ಬಿಚ್ಚಿದ್ದೆ. ಬೆಲ್ಲದ ಸೀಸನ್ ಮುಗಿದಿತ್ತು. ಒಳಗೆ ಬೂದಿ, ಮಸಿ, ರಚ್ಚಿನ ನಾರು, ಅದರ ಮೇಲೆ ಜಿಡ್ಡು. ಪ್ರೊಸೆಸರ್ ಫ್ಯಾನಿನ ರೆಕ್ಕೆ ಕಾಣುತ್ತಲೇ ಇರಲಿಲ್ಲ. ಬ್ರಷ್ ಸೋತಿತು, ಕೊನೆಗೆ ಹಲ್ಲುಕಡ್ಡಿಯಲ್ಲಿ ಕೆರೆದೆ. ಆ ಮನೆಯವರಿಗೆ ಗಾಜಿನ ಕ್ಯಾಬಿನೆಟ್ ಮಾರುವವರಿಗೆ ಏನು ಹೇಳುವುದು.

ಅದರ ಮೇಲಿನ ಸಾಲು ಎಸ್‌ಎಸ್‌ಡಿ, ಫೈಲುಗಳನ್ನು ಇಡಲು ಹಾರ್ಡ್‌ಡಿಸ್ಕಿನ ಜಾಗಕ್ಕೆ ಬಂದ ವೇಗದ ಡಿಸ್ಕ್. ಇದನ್ನು ನಾಲೆ ಬಯಲಿನವರಿಗೆ ವಿವರಿಸುವುದು ಸುಲಭ. ಕೆಆರ್‌ಎಸ್ 124.80 ಅಡಿ ತುಂಬಿತು ಅಂತ ಪೇಪರಿನಲ್ಲಿ ಫೋಟೋ ಬರುತ್ತದೆ. ನಿಮ್ಮ ಗದ್ದೆಯೂ ಒಣಗಿ ಬಾಯಿ ಬಿಟ್ಟುಕೊಂಡಿದೆ. ಆದರೆ ಬರುವ ನೀರು ತೂಬು ಎಷ್ಟಗಲವೋ ಅಷ್ಟೇ. ಹಾರ್ಡ್‌ಡಿಸ್ಕ್ ಅನ್ನುವುದು ಸಣ್ಣ ತೂಬು. ದೊಡ್ಡ ಸಿನಿಮಾ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 150 ಎಂಬಿ ಆಸುಪಾಸು ಕೊಡುತ್ತದೆ. ವಿಂಡೋಸ್ ಶುರುವಾಗುವಾಗ ಅಲ್ಲೊಂದು ಇಲ್ಲೊಂದು ಸಾವಿರಾರು ಚಿಕ್ಕ ಫೈಲ್ ಕೇಳುತ್ತದಲ್ಲ, ಆಗ ಸೆಕೆಂಡಿಗೆ ಒಂದೆರಡು ಎಂಬಿಗೆ ಬಂದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಪ್ರೊಸೆಸರ್ ಎಷ್ಟು ದೊಡ್ಡದಾದರೂ ಕಾಯುತ್ತಾ ಕೂರುವ ಗದ್ದೆ.

ಡಿಟಿಪಿ ಅಕ್ಕನ ಕಂಪ್ಯೂಟರ್ ಆನ್ ಮಾಡಿ ಕಾಫಿ ಕಾಸಿಕೊಂಡು ಬರುವಷ್ಟು ನಿಧಾನವಾಗಿತ್ತು. ಹೊಸದು ತೆಗೆದುಕೊಳ್ಳುತ್ತೇನೆ ಅಂತ ಹೊರಟಿದ್ದರು. ಬೇಡ ಅಕ್ಕ ಅಂದೆ. ಹಾರ್ಡ್‌ಡಿಸ್ಕಿನ ಕೇಬಲ್‌ಗೇ ಸಿಕ್ಕಿಸುವ ಒಂದು ಸಾಟಾ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 4ರಿಂದ 8 ಜಿಬಿ ಮಾಡಿದೆ. ಅಷ್ಟೇ. ಮಾರನೇ ದಿನ ಫೋನ್ ಮಾಡಿ "ಏನೋ ಮಾಡ್ದೆ, ಕಾಫಿಗೇ ಟೈಮ್ ಇಲ್ಲ" ಅಂದರು.

ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ತನಕ ಕೊಡುತ್ತದೆ. ಎನ್‌ವಿಎಂಇ ಅಂತ ಬರುವ, ಬೋರ್ಡಿನ ಮೇಲೆ ಮಲಗಿಸಿ ಸ್ಕ್ರೂ ಹಾಕುವ ಪಟ್ಟಿಯಂಥದ್ದು, ಜೆನ್ 3 ಅಂದರೆ ಮೂರನೇ ತಲೆಮಾರಿನದಾದರೆ ಸುಮಾರು 3500, ಜೆನ್ 4 ಆದರೆ 7000 ತನಕ. ಸಂಖ್ಯೆ ನೋಡಿ ಮರುಳಾಗಬೇಡಿ. ಹಾರ್ಡ್‌ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಹಗಲು ರಾತ್ರಿಯ ವ್ಯತ್ಯಾಸ. ಅಲ್ಲಿಂದ ಮುಂದೆ ಮಾಮೂಲಿ ಕೆಲಸದಲ್ಲಿ ಕಣ್ಣಿಗೆ ಗೊತ್ತಾಗುವುದು ಕಮ್ಮಿ. ಹೊಸದಾಗಿ ಮಾಡಿಸುವವರು ಎನ್‌ವಿಎಂಇಯನ್ನೇ ಹಾಕಿಸಿ, ಬೆಲೆ ಹೆಚ್ಚುಕಮ್ಮಿ ಒಂದೇ. ಒಂದು ಮೋಸ ಇದೆ: ಆ ಪಟ್ಟಿಯ ಆಕಾರದಲ್ಲೇ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ. ಆಕಾರದ ಹೆಸರು ಎಂ.2, ಅದು ಬರೀ ಅಂಗಿ. ಒಳಗಿರುವವರು ಯಾರು ಅಂತ ಕೇಳಬೇಕು. ಎಷ್ಟೇ ಒಳ್ಳೆಯದು ಹಾಕಿದರೂ ಫೋಟೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೆ ಗೊತ್ತು.

'4 ಜಿಬಿ ಗ್ರಾಫಿಕ್ಸ್'. ಫೋನಿನಲ್ಲಿ ಕೇಳಿದಾಗ ಬಂದ ಉತ್ತರ ಜಿಟಿ 730. 2014ರಲ್ಲಿ ಬಂದ ಕಾರ್ಡ್. ಗ್ರಾಫಿಕ್ಸ್ ಕಾರ್ಡಿನ ಜಿಬಿ ಅನ್ನುವುದು ಅದರ ಮೆಮೊರಿ, ಅದರ ಬಲವಲ್ಲ. ಎತ್ತಿನ ಗಾಡಿಗೆ ದೊಡ್ಡ ತೊಟ್ಟಿ ಕಟ್ಟಿದರೆ ಅದು ಲಾರಿ ಆಗುವುದಿಲ್ಲ. ಇವತ್ತು ಇಂಟೆಲ್‌ನ ಹಾಗೆ ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯ ರೈಜನ್ 5 5600ಜಿ ಥರದ ಪ್ರೊಸೆಸರಿನ ಒಳಗೇ ಬರುವ ಗ್ರಾಫಿಕ್ಸ್, ಬೇರೆ ಕಾರ್ಡೇ ಇಲ್ಲದೆ, ಅದಕ್ಕಿಂತ ಚೆನ್ನಾಗಿದೆ. ಅಂದರೆ ಹುಡುಗ ದುಡ್ಡು ಕೊಟ್ಟು ಹಿಂದಕ್ಕೆ ಹೋಗುತ್ತಿದ್ದ.

ಹೆಚ್ಚಿನ ಮನೆಗಳಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಓದು, ಕೋಡಿಂಗ್, ಆಫೀಸ್ ಕೆಲಸ, 4ಕೆ ವಿಡಿಯೋ ನೋಡುವುದು, ಎಲ್ಲ ಒಳಗಿನದರಲ್ಲೇ ಆಗುತ್ತದೆ. ಆಟ ಆಡುವವರಿಗೆ ಬೇಕು. ಮದುವೆ ವಿಡಿಯೋದವನಿಗೂ ಬೇಕು, ಆದರೆ ಅವನ ಕಥೆಯಲ್ಲಿ ಒಂದು ತಿರುವಿದೆ.

ಇಂಟೆಲ್ ಪ್ರೊಸೆಸರಿನ ನಂಬರ್ ಕೊನೆಯಲ್ಲಿ 'ಎಫ್' ಅಂತ ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ಅಗ್ಗ. ಕಾರ್ಡ್ ಹೇಗೂ ಹಾಕುತ್ತೇನಲ್ಲ ಅಂತ ಅವನು ಎಫ್ ತೆಗೆದುಕೊಂಡ. ನೋಡಿದವರೆಲ್ಲ ಜಾಣ ಅಂದರು. ನಾನೂ ಅಂದೆ. ಆಮೇಲೆ ಹೊಸ ಕ್ಯಾಮೆರಾ ಕೊಂಡ. ಅದು ಎಚ್‌ಇವಿಸಿ 4:2:2 10 ಬಿಟ್ ಅನ್ನುವ, ಬಣ್ಣದ ವಿವರ ಜಾಸ್ತಿ ಇಟ್ಟು ಬಿಗಿಯಾಗಿ ಸುತ್ತಿಟ್ಟ ವಿಡಿಯೋ ಕೊಡುತ್ತದೆ. ಅದನ್ನು ಟೈಮ್‌ಲೈನಿಗೆ ಎಳೆದರೆ ಮದುಮಗಳು ಒಂದೊಂದು ಹೆಜ್ಜೆಗೂ ಕಲ್ಲಾಗಿ ನಿಲ್ಲುತ್ತಾಳೆ. ಇಷ್ಟು ದುಡ್ಡು ಕೊಟ್ಟು ಕಾರ್ಡ್ ಹಾಕಿದ್ದೀನಿ, ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡ. ವಿಷಯ ಏನೆಂದರೆ, ಈ ಥರದ ವಿಡಿಯೋ ಬಿಡಿಸುವ ಯಂತ್ರ ಎನ್‌ವಿಡಿಯಾದ ಕಾರ್ಡುಗಳಿಗೆ ಬಂದದ್ದು 2025ರಲ್ಲಿ, ಆರ್‌ಟಿಎಕ್ಸ್ 50 ಸಾಲಿನಲ್ಲಿ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಅದು 11ನೇ ಜನರೇಶನ್‌ನಿಂದಲೇ ಇದೆ. ಯಾವುದನ್ನು ಬೇಡ ಅಂತ ಬಿಟ್ಟಿದ್ದನೋ ಅದೇ ಅವನ ಕೆಲಸಕ್ಕೆ ಬೇಕಾಗಿತ್ತು. ಎಫ್ ಇಲ್ಲದ ಪ್ರೊಸೆಸರಿಗೆ ಬದಲಾಯಿಸಿದ ಮೇಲೆ ಮದುಮಗಳು ಸರಿಯಾಗಿ ನಡೆದಳು. ಜಾಣ ಅಂತ ಹೇಳಿದ್ದ ನಾನು ಆ ಕಡೆ ಸ್ವಲ್ಪ ದಿನ ಹೋಗಲಿಲ್ಲ.

ರ‍್ಯಾಮ್. 16 ಜಿಬಿ ಅಂದರೆ 16ರ ಒಂದು ಸ್ಟಿಕ್ಕೋ, 8ರ ಎರಡೋ? ಎರಡೇ ಒಳ್ಳೆಯದು. ಎರಡು ದಾರಿಯಲ್ಲಿ ಒಟ್ಟಿಗೆ ಓಡಾಟ ನಡೆಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗಂತೂ ಇದು ತುಂಬ ಮುಖ್ಯ, ಏಕೆಂದರೆ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಂಡು ಬದುಕುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಹಾಕಿದ ಮೇಲೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆಗೆ, ಅಂದರೆ ಬಯಾಸ್‌ಗೆ ಹೋಗಿ ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿ, ಎಎಂಡಿಯ ಹೊಸ ಬೋರ್ಡಿನಲ್ಲಿ ಅದಕ್ಕೆ ಎಕ್ಸ್‌ಪೋ ಅನ್ನುತ್ತಾರೆ. ಇಲ್ಲದಿದ್ದರೆ ಕೊಂಡ ವೇಗಕ್ಕಿಂತ ಕಮ್ಮಿ ವೇಗದಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದು ನಿಮಗೆ ಗೊತ್ತಿರಬೇಕು. ಎಐಗೆ ಬೇಕಾದ ದೊಡ್ಡ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿಯಂತೂ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಹಾಗಾಗಿ ಮುಂದೆ ಬೇಕಾಗಬಹುದು ಅಂತ 32 ಜಿಬಿ ಹಾಕಿಸುವ ಆಸೆ ಈಗ ಬೇಡ. 16 ಹಾಕಿಸಿ, ಸಾಕು.

ಈ ಮೆಮೊರಿಗೂ ತಲೆಮಾರು ಇದೆ, ಡಿಡಿಆರ್4ನ ಜಾಗಕ್ಕೆ ಅದರ ನಂತರದ ಡಿಡಿಆರ್5 ಹೋಗುವುದಿಲ್ಲ. ಎರಡಕ್ಕೂ 288 ಪಿನ್ನೇ, ನೋಡಲು ಅಣ್ಣತಮ್ಮಂದಿರು, ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಅದಕ್ಕೇ ಹುಡುಗನಿಗೆ "ನಾಲ್ಕೋ ಐದೋ ಕೇಳು" ಅಂದೆ. ಅವನು ಕೇಳಿ, ಫೋನ್ ಮುಚ್ಚಿಕೊಂಡು ನನ್ನ ಕಡೆ ತಿರುಗಿ "ಅಣ್ಣಾ, ಮೂರಂತೆ" ಅಂದ.

ಆಗ ನನಗೆ ಮೇಲಿನ ಎರಡು ಸಾಲು ಓದದೆಯೇ ಅರ್ಥವಾಯಿತು.

ಮದರ್‌ಬೋರ್ಡ್ ಅನ್ನುವುದು ಎಲ್ಲ ಭಾಗಗಳೂ ಕೂರುವ ಹಲಗೆ, ಅದರಲ್ಲಿ ಪ್ರೊಸೆಸರ್ ಕೂರುವ ಗೂಡೇ ಸಾಕೆಟ್, ಅದು ಪ್ರೊಸೆಸರಿಗೆ ತಕ್ಕದ್ದೇ ಇರಬೇಕು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 2021ರಲ್ಲಿ ಬಂತು, 12, 13, 14ನೇ ಜನರೇಶನ್ ಮೂರೂ ಅದರಲ್ಲಿ ಕೂರುತ್ತವೆ. ಅದಕ್ಕೆ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ನೋಡಿ ತೆಗೆದುಕೊಳ್ಳಬೇಕು. ಎಎಂಡಿಯವರು ಸಾಕೆಟ್ ಬೇಗ ಬದಲಿಸುವುದಿಲ್ಲ, ಅದು ನನಗೆ ಇಷ್ಟ. 2016ರಲ್ಲಿ ಬಂದ ಎಎಂ4ಗೆ 2024ರಲ್ಲೂ ಹೊಸ ಪ್ರೊಸೆಸರ್ ಬಿಟ್ಟರು. 2022ರಲ್ಲಿ ಬಂದ ಎಎಂ5ಗೆ 2027ರವರೆಗೂ ಅದರಾಚೆಗೂ ಬೆಂಬಲ ಅಂತ ಹೇಳಿದ್ದಾರೆ. ಎಎಂ5ಗೆ ಡಿಡಿಆರ್5 ಒಂದೇ ಆಗುವುದು. ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದವರಿಗೆ ಅದು ಸರಿ. ಹಾಗೇನೂ ಇಲ್ಲ, ಮಾಡಿಸಿದರೆ ಎಂಟು ಹತ್ತು ವರ್ಷ ಮುಟ್ಟುವುದಿಲ್ಲ ಅನ್ನುವವರಿಗೆ ಇಂಟೆಲ್‌ನ ಆ 1700 ಸಾಕೆಟ್ಟಿನ ಅಗ್ಗದ ಎಚ್610 ಬೋರ್ಡ್ ಮೇಲೆ 12ನೇ ಜನರೇಶನ್ ಹಾಕಿದರೂ ಸಾಕು. ನಮ್ಮಲ್ಲಿ ಹೆಚ್ಚಿನವರು ಎರಡನೆಯ ಜಾತಿ.

ಹುಡುಗನ ಬೋರ್ಡ್ ಎಚ್61. ಆ ಚಿಪ್‌ಸೆಟ್ 2011ರದ್ದು. ಅದರ ಹೊಸ ಬೋರ್ಡುಗಳು ಇವತ್ತಿಗೂ ಸಿಗುತ್ತವೆ. ಹಳೆ ಆಫೀಸ್ ಕಂಪ್ಯೂಟರುಗಳಿಂದ ಬಿಚ್ಚಿದ ಪ್ರೊಸೆಸರುಗಳನ್ನು ಅವುಗಳ ಮೇಲೆ ಕೂರಿಸಿ ಮಾರುತ್ತಾರೆ. ಮೇಲಿನ ಸಾಲಿನ ಐ7 ಅಂದರೆ ಐ7-3770. ಮೂರನೇ ಜನರೇಶನ್, 2012ರ ಮಾಲು. ಹುಡುಗ ಆಗ ಅಂಗನವಾಡಿಗೆ ಹೋಗುತ್ತಿದ್ದನೇನೋ.

ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ಅದನ್ನು ನೆನಪಿಡಿ. ಐ7 ಅಂದರು, ಐ7ನೇ ಕೊಡುತ್ತಿದ್ದರು. 16 ಜಿಬಿ, 4 ಜಿಬಿ, 512, ಎಲ್ಲವೂ ನಿಜ. ನಂಬರ್ ನಾವು ಕೇಳಿರಲಿಲ್ಲ, ಅಷ್ಟೇ. ಐ3, ಐ5, ಐ7 ಅನ್ನುವುದು ಆ ವರ್ಷದ ಮನೆಯೊಳಗಿನ ದೊಡ್ಡವರು ಚಿಕ್ಕವರು ಲೆಕ್ಕ. ಬೇರೆ ವರ್ಷದ ಮನೆಗೆ ಅದು ನಡೆಯುವುದಿಲ್ಲ. ಐ7-3770ಗೆ ನಾಲ್ಕು ಕೋರ್, ಎಂಟು ಥ್ರೆಡ್, ಅಂದರೆ ನಾಲ್ಕು ಕೆಲಸಗಾರರು, ಒಮ್ಮೆಗೆ ಎಂಟು ಕೆಲಸ. 2022ರ ಐ3-12100ಗೂ ನಾಲ್ಕು ಕೋರ್, ಎಂಟು ಥ್ರೆಡ್. ಆದರೆ ಹತ್ತು ವರ್ಷದ ಕೆಲಸ ಅದರೊಳಗಿದೆ. ಈ ಚಿಕ್ಕದು ಆ ದೊಡ್ಡದನ್ನು ಬಲು ಹಿಂದೆ ಹಾಕುತ್ತದೆ. ನಂಬರಿನಲ್ಲಿ ಮೊದಲು ಬರುವ 12 ಅನ್ನುವುದೇ ಜನರೇಶನ್. ಇನ್ನೊಂದು ತೊಂದರೆಯೂ ಇತ್ತು. ವಿಂಡೋಸ್ 11ಗೆ ಇಂಟೆಲ್‌ನಲ್ಲಿ 8ನೇ ಜನರೇಶನ್ ಅಥವಾ ಅದರಾಚೆಯದು ಬೇಕು ಅಂತ ನಿಯಮ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಹಾಕಿಕೊಂಡರೆ ಆ ಹಳೆಯದೂ ಓಡುತ್ತದೆ, ಯಾರಾದರೂ ಸುಮ್ನೆ ಕೊಟ್ಟರೆ ನಾನೇ ಇಟ್ಟುಕೊಳ್ಳುತ್ತೇನೆ. ಹೊಸದು ಅಂತ ದುಡ್ಡು ಕೊಡುವುದಕ್ಕಲ್ಲ.

ಎಲ್ಲಿ ಕೊಳ್ಳಬೇಕು ಅಂತ ನಿಮ್ಮಲ್ಲೊಬ್ಬರು ಬೇರೆ ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಸ್ವಲ್ಪ ಅಗ್ಗ, ಆಯ್ಕೆಯೂ ಜಾಸ್ತಿ. ಬೆಳಿಗ್ಗೆ ರೈಲು ಹತ್ತಿ ಹೋಗಿ ಸಂಜೆಗೆ ಬರಬಹುದು, ನಾನೇ ಎಷ್ಟೋ ಸಲ ಮದರ್‌ಬೋರ್ಡ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನಿಂತ ರೈಲಿನಲ್ಲಿ ಮದ್ದೂರು ವಡೆ ತಿಂದಿದ್ದೇನೆ. ಆದರೆ ಮೂರನೇ ತಿಂಗಳಲ್ಲಿ ಏನಾದರೂ ಕೆಟ್ಟರೆ ಮತ್ತೆ ಅದೇ ರೈಲು. ವ್ಯತ್ಯಾಸ ಕಮ್ಮಿ ಇದ್ದರೆ ಮಂಡ್ಯದಲ್ಲೋ ಮೈಸೂರಲ್ಲೋ ತೆಗೆದುಕೊಳ್ಳಿ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ, ಬಿಲ್ಲಿನ ಮೇಲೆ ಒಂದೊಂದು ಭಾಗದ ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದೆ ಕೊಟ್ಟರೆ ಶೇಕಡ 18 ಉಳಿಯುತ್ತದೆ ಅನ್ನುತ್ತಾರೆ. ಉಳಿಯುತ್ತದೆ. ಜೊತೆಗೆ ಮೂರು ವರ್ಷದ ವಾರಂಟಿಯೂ ಅಲ್ಲೇ ಉಳಿಯುತ್ತದೆ, ಅಂಗಡಿಯಲ್ಲಿ.

ಜೋಡಿಸುವುದನ್ನು ನೀವೇ ಮಾಡಿ ನೋಡಿ, ಕಷ್ಟವಿಲ್ಲ. ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಬೇಡ. ಕೂಲರ್ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತು ತೆಗೆಯಿರಿ. ರಾತ್ರಿ ಹತ್ತಕ್ಕೆ ನನಗೆ ಬರುವ ಫೋನು ಯಾವಾಗಲೂ ಒಂದೇ, "ಅಣ್ಣಾ, ಫ್ಯಾನ್ ತಿರುಗ್ತದೆ, ಡಿಸ್‌ಪ್ಲೇ ಬರ್ತಿಲ್ಲ". ನಾನು ಕೇಳುವ ಪ್ರಶ್ನೆ ಮೂರು. ರ‍್ಯಾಮ್ ಟಕ್ ಅನ್ನುವ ತನಕ ಒತ್ತಿದೆಯಾ? ಪ್ರೊಸೆಸರ್ ಪಕ್ಕದ 8 ಪಿನ್ನಿನ ವೈರ್ ಸಿಕ್ಕಿಸಿದೆಯಾ? ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಿದೆಯೋ ಬೋರ್ಡಿಗೋ? ನಾಲ್ಕನೇ ಪ್ರಶ್ನೆ ಕೇಳುವ ಪ್ರಸಂಗ ಬಂದದ್ದು ಬಹಳ ಕಮ್ಮಿ.

ಹುಡುಗನ ಎರಡನೇ ಚೀಟಿಯೂ ನನ್ನ ಹತ್ತಿರ ಇದೆ. ಅದೇ ಅಂಗಡಿ, ಅದೇ ಕೈಬರಹ. ಐ3-12100, ಎಫ್ ಇಲ್ಲದ್ದು. ಎಚ್610 ಬೋರ್ಡ್, ಕಂಪನಿ ಹೆಸರು ಸಮೇತ. 8ರ ಎರಡು ಡಿಡಿಆರ್4. 500 ಜಿಬಿ ಎನ್‌ವಿಎಂಇ. ಗ್ರಾಫಿಕ್ಸ್ ಇರುವ ಕಡೆ ಒಂದು ಗೀಟು, ಅದಕ್ಕೆ ಅವನು ಮುಂದಿನ ವರ್ಷ ದುಡ್ಡು ಕೂಡಿಡುತ್ತಾನಂತೆ. ಆ ಕಾರ್ಡನ್ನೂ ಲೆಕ್ಕಕ್ಕೆ ಹಿಡಿದು 550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್, ಈ ಸಲ ತನ್ನದೇ ಸಾಲಿನಲ್ಲಿ. ಅವನ ತಂದೆ ಒಂದೇ ಒಂದು ಪ್ರಶ್ನೆ ಕೇಳಿದ್ದು, "ಬಣ್ಣ ಬಣ್ಣದ ಲೈಟ್ ಬರ್ತದಾ?" ಅಂತ. ಬರುವುದಿಲ್ಲ ಅಂದೆ. ಸ್ವಲ್ಪ ಬೇಜಾರಾಯಿತು ಅವರಿಗೆ. ಈಗ ದಿನಾ ಸಂಜೆ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು ಹಾಕುವುದು ಅವರದೇ ಕೆಲಸ. ಮೊನ್ನೆ ಹೋಗಿದ್ದಾಗ ನೋಡಿದೆ, ಗುಂಡಿಯ ಪಕ್ಕದಲ್ಲಿ ಒಂದು ಬಾಳೆ ಕಂದೂ ನೆಟ್ಟಿದ್ದಾರೆ.